ಬಚ್ಚಲುಮನೆ ಬಿಸಿನೀರು: ಯಾವುದು ಅಗ್ಗ, ಯಾವುದು ದುಬಾರಿ?

ನೀರು ತುಂಬುವ ಹಬ್ಬ ಮುಗಿದು ಕಾರ್ತಿಕದ ದೀಪ ಹಚ್ಚುವ ಹೊತ್ತಿಗೆ ಬೆಳಗಿನ ನಲ್ಲಿ ನೀರು ಕೈ ಕೊರೆಯಲು ಶುರುವಾಗುತ್ತದೆ. ಮಕ್ಕಳು ಸ್ನಾನಕ್ಕೆ ಹೋಗಲು ಹಟ ಮಾಡುತ್ತವೆ, ಅತ್ತೆ ಮಾವನಿಗೆ ಹಬೆಯಾಡುವ ನೀರೇ ಬೇಕು, ಯಜಮಾನರಿಗೆ ಆಫೀಸಿಗೆ ಹೊತ್ತಾಯಿತು. ಹೊರದೇಶಗಳಲ್ಲಿ ಚಳಿಗಾಲ ಬಂದರೆ ಇಡೀ ಮನೆಯನ್ನೇ ಬಿಸಿ ಮಾಡುವ ಖರ್ಚಂತೆ. ನಮ್ಮ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಆ ತೊಂದರೆ ಇಲ್ಲ. ನಾವು ಬಿಸಿ ಮಾಡುವುದು ಬಚ್ಚಲ ನೀರನ್ನು ಮಾತ್ರ. ಆದರೆ ವರ್ಷಪೂರ್ತಿ, ದಿನಾಲೂ ಮಾಡುತ್ತೇವೆ. ಹಾಗಾಗಿ ಮನೆ ಖರ್ಚಿನಲ್ಲಿ ಇದು ಸಣ್ಣ ಬಾಬತ್ತೇನಲ್ಲ.

ವಿಚಿತ್ರ ಏನೆಂದರೆ, ತರಕಾರಿಯವನ ಹತ್ತಿರ ಎರಡು ರೂಪಾಯಿಗೆ ಚೌಕಾಸಿ ಮಾಡುವ ನಾವು ಬಿಸಿನೀರಿನ ವಿಷಯಕ್ಕೆ ಬಂದರೆ ಲೆಕ್ಕವನ್ನೇ ಹಾಕುವುದಿಲ್ಲ. ಪಕ್ಕದ ಮನೆಯವರು ಗ್ಯಾಸ್ ಗೀಸರ್ ಹಾಕಿಸಿದರು, ನಾವೂ ಹಾಕಿಸೋಣ. ನಾದಿನಿ ಮನೆಯಲ್ಲಿ ಸೋಲಾರ್ ಇದೆ, ನಮಗೂ ಇರಲಿ. ಅಂಗಡಿಯವನು ‘ಇದರಲ್ಲಿ ಕರೆಂಟೇ ಎಳೆಯಲ್ಲ ಮೇಡಂ’ ಅಂದ, ತಂದೆವು. ಇಷ್ಟೇ ನಮ್ಮ ತೀರ್ಮಾನ. ಎಲ್ಲರ ಮನೆಗೂ ಅಗ್ಗವಾದ ಇಂಧನ ಅಂತ ಒಂದು ಇಲ್ಲವೇ ಇಲ್ಲ. ನಿಮ್ಮ ಮನೆಯಲ್ಲಿ ಎಷ್ಟು ಜನ, ಮನೆ ಸ್ವಂತದ್ದೋ ಬಾಡಿಗೆಯದೋ, ಕರೆಂಟ್ ಬಿಲ್ ಎಷ್ಟಕ್ಕೆ ನಿಂತಿದೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಆ ಲೆಕ್ಕ ಹಾಕಬೇಕಾದವರು ಅಂಗಡಿಯವರಲ್ಲ, ನಾವೇ.

ಒಂದು ಬಕೆಟ್ಟಿನ ಲೆಕ್ಕ

ಹೈಸ್ಕೂಲಿನ ವಿಜ್ಞಾನದ ಪಾಠ ಸ್ವಲ್ಪ ನೆನಪಿಸಿಕೊಳ್ಳಿ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕಿಲೋಕ್ಯಾಲರಿ ಶಾಖ ಬೇಕು. ಚಳಿಗಾಲದ ಬೆಳಗ್ಗೆ ನಲ್ಲಿ ನೀರು ಸುಮಾರು 22 ಡಿಗ್ರಿ ಇರುತ್ತದೆ ಎಂದಿಟ್ಟುಕೊಳ್ಳೋಣ. ಮೈಗೆ ಹಿತವಾದ ಸ್ನಾನದ ನೀರು ಸುಮಾರು 42 ಡಿಗ್ರಿ. ಅಂದರೆ 20 ಡಿಗ್ರಿ ಏರಬೇಕು. ಒಬ್ಬರಿಗೆ 20 ಲೀಟರಿನ ಒಂದು ಬಕೆಟ್ ಹಿಡಿದರೆ 400 ಕಿಲೋಕ್ಯಾಲರಿ. ನಾಲ್ಕು ಜನರ ಮನೆಗೆ ದಿನಕ್ಕೆ 1,600.

ಈ 1,600 ಕಿಲೋಕ್ಯಾಲರಿಯನ್ನು ಯಾವುದರಿಂದ ಪಡೆದರೆ ಎಷ್ಟು ದುಡ್ಡು? ಅದೇ ನಮ್ಮ ಪ್ರಶ್ನೆ.

ಕರೆಂಟ್ ಕಾಯಿಲ್: ಒಂದು ಯೂನಿಟ್ ಕರೆಂಟಿನಲ್ಲಿ 860 ಕಿಲೋಕ್ಯಾಲರಿ ಶಾಖ ಸಿಗುತ್ತದೆ. ಬಕೆಟ್ಟಿನಲ್ಲಿ ಇಳಿಬಿಡುವ ಕಾಯಿಲ್‌ನಲ್ಲಿ ಶಾಖ ವ್ಯರ್ಥವಾಗುವುದು ಬಹಳ ಕಡಿಮೆ. ನಾಲ್ಕು ಜನಕ್ಕೆ ಸುಮಾರು 2 ಯೂನಿಟ್ ಸಾಕು. ನಮ್ಮ ರಾಜ್ಯದಲ್ಲಿ 2025-26ನೇ ಸಾಲಿಗೆ ಮನೆ ಬಳಕೆಯ ದರ ಯೂನಿಟ್‌ಗೆ 5 ರೂ. 80 ಪೈಸೆ ಎಂದು ನಿಗದಿಯಾಯಿತು. ಅದರ ಮೇಲೆ ಸರ್‌ಚಾರ್ಜ್, ತೆರಿಗೆ ಕೂಡುತ್ತದೆ. ಲೆಕ್ಕ ಸುಲಭವಾಗಲಿ ಎಂದು 7 ರೂಪಾಯಿ ಹಿಡಿಯೋಣ. ದಿನಕ್ಕೆ 14 ರೂಪಾಯಿ, ತಿಂಗಳಿಗೆ 420.

ಕರೆಂಟ್ ಗೀಸರ್: ಶಾಖದ ಲೆಕ್ಕ ಕಾಯಿಲ್‌ನದ್ದೇ. ಆದರೆ ಟ್ಯಾಂಕಿನಲ್ಲಿ ನಿಂತ ಬಿಸಿನೀರು ತಣ್ಣಗಾಗುತ್ತಾ ಹೋಗುತ್ತದೆ, ಪೈಪಿನಲ್ಲೂ ಒಂದಷ್ಟು ಶಾಖ ಹೋಗುತ್ತದೆ. ಹೊತ್ತಿಗೆ ಸರಿಯಾಗಿ ಆಫ್ ಮಾಡಿದರೂ 2.3 ಯೂನಿಟ್ ಹಿಡಿಯಬೇಕು. ದಿನಕ್ಕೆ 16 ರೂಪಾಯಿ, ತಿಂಗಳಿಗೆ 480. ದಿನವಿಡೀ ಆನ್ ಇಟ್ಟರೆ ಯಾರೂ ಸ್ನಾನ ಮಾಡದೆ ಇದ್ದರೂ ಕರೆಂಟ್ ಓಡುತ್ತಲೇ ಇರುತ್ತದೆ. ಗೀಸರಿನ ಮೇಲಿನ ಸ್ಟಾರ್ ಗುರುತು ಹೇಳುವುದು ಇದನ್ನೇ. ನೀರು ಎಷ್ಟು ಬೇಗ ಕಾಯುತ್ತದೆ ಎಂದಲ್ಲ, ಕಾದ ನೀರಿನ ಬಿಸಿಯನ್ನು ಟ್ಯಾಂಕ್ ಎಷ್ಟು ಚೆನ್ನಾಗಿ ಹಿಡಿದಿಡುತ್ತದೆ ಎಂದು. ಹೆಚ್ಚು ಸ್ಟಾರ್ ಇದ್ದಷ್ಟೂ ಸುಮ್ಮನೆ ಸೋರಿಹೋಗುವ ಶಾಖ ಕಡಿಮೆ.

ಗ್ಯಾಸ್ ಗೀಸರ್: ಒಂದು ಕೆ.ಜಿ. ಅಡುಗೆ ಅನಿಲದಲ್ಲಿ ಸುಮಾರು 11,000 ಕಿಲೋಕ್ಯಾಲರಿ ಇರುತ್ತದೆ. ಅದರಲ್ಲಿ ನೂರಕ್ಕೆ 80 ಪಾಲು ನೀರಿಗೆ ಸೇರುತ್ತದೆ ಎಂದರೆ ನಾಲ್ಕು ಜನಕ್ಕೆ 180 ಗ್ರಾಂ ಗ್ಯಾಸ್ ಸಾಕು. 2025ರ ಏಪ್ರಿಲ್‌ನಲ್ಲಿ 50 ರೂಪಾಯಿ ಏರಿದಾಗ ಬೆಂಗಳೂರಿನಲ್ಲಿ 14.2 ಕೆ.ಜಿ. ಸಿಲಿಂಡರ್ 855 ರೂ. 50 ಪೈಸೆ ಆಯಿತು. ಆ ದರದಲ್ಲಿ ಕೆ.ಜಿ.ಗೆ 60 ರೂಪಾಯಿ. ದಿನಕ್ಕೆ 11 ರೂಪಾಯಿ, ತಿಂಗಳಿಗೆ 330.

ಸ್ಟೌ ಮೇಲೆ ಪಾತ್ರೆ ಇಟ್ಟು ಕಾಯಿಸಿದರೆ: ಬೆಂಕಿಯ ಶಾಖ ಪಾತ್ರೆಯ ಪಕ್ಕದಿಂದ ಹೊರಗೆ ಹೋಗುತ್ತದೆ. 60 ಪಾಲು ನೀರಿಗೆ ಸೇರಿತು ಎಂದು ಹಿಡಿದರೆ 240 ಗ್ರಾಂ ಬೇಕು. ದಿನಕ್ಕೆ ಹದಿನಾಲ್ಕೂವರೆ, ತಿಂಗಳಿಗೆ 435. ಮುಚ್ಚಳ ಹಾಕದೆ ಕಾಯಿಸಿದರೆ ಇನ್ನೂ ಹೆಚ್ಚು. ಅದರ ಮೇಲೆ ಕುದಿಯುವ ನೀರನ್ನು ಅಡುಗೆಮನೆಯಿಂದ ಬಚ್ಚಲಿಗೆ ಹೊತ್ತುಕೊಂಡು ಹೋಗುವ ಅಪಾಯ ಬೇರೆ. ಚಿಕ್ಕ ಮಕ್ಕಳು ಓಡಾಡುವ ಮನೆಯಲ್ಲಿ ಇದು ಬೇಡವೇ ಬೇಡ.

ಪೈಪ್ ಗ್ಯಾಸ್: ಇದು ಈಗ ಬೆಂಗಳೂರಿನ ಹಲವು ಬಡಾವಣೆಗಳಿಗೆ ಬಂದಿದೆ. ಬಿಲ್ ಬರುವುದು ಕೆ.ಜಿ. ಲೆಕ್ಕದಲ್ಲಲ್ಲ, ಎಸ್‌ಸಿಎಂ ಲೆಕ್ಕದಲ್ಲಿ. ಒಂದು ಎಸ್‌ಸಿಎಂನಲ್ಲಿರುವ ಶಾಖ ಹೆಚ್ಚೂಕಡಿಮೆ 800 ಗ್ರಾಂ ಸಿಲಿಂಡರ್ ಗ್ಯಾಸ್‌ಗೆ ಸಮ. ಸಿಲಿಂಡರ್ ಗ್ಯಾಸ್ ಕೆ.ಜಿ.ಗೆ 60 ರೂಪಾಯಿ ಇದ್ದಾಗ ಪೈಪ್ ಗ್ಯಾಸ್ 48 ರೂಪಾಯಿಗಿಂತ ಕಡಿಮೆ ಇದ್ದರೆ ಅದು ಅಗ್ಗ, ಹೆಚ್ಚಿದ್ದರೆ ಸಿಲಿಂಡರೇ ಅಗ್ಗ.

ಸೌದೆ ಒಲೆ: ಒಣಗಿದ ಸೌದೆಯಲ್ಲಿ ಕೆ.ಜಿ.ಗೆ ಸುಮಾರು 3,500 ಕಿಲೋಕ್ಯಾಲರಿ ಇರುತ್ತದೆ. ಆದರೆ ಹಳೆ ಹಂಡೆ ಒಲೆಯಲ್ಲಿ ಮುಕ್ಕಾಲು ಪಾಲು ಶಾಖ ಹೊಗೆಯ ಜೊತೆ ಹೋಗುತ್ತದೆ. ನಾಲ್ಕು ಜನಕ್ಕೆ 2 ಕೆ.ಜಿ.ಯಾದರೂ ಬೇಕು. ಕೆ.ಜಿ.ಗೆ 8 ರೂಪಾಯಿ ಕೊಟ್ಟು ತರುವವರಿಗೆ ದಿನಕ್ಕೆ 16 ರೂಪಾಯಿ, ಗೀಸರಿನಷ್ಟೇ ಆಯಿತು! ಹಿತ್ತಲಲ್ಲಿ ತೆಂಗಿನ ಗರಿ, ಚಿಪ್ಪು, ಮಟ್ಟೆ ಸಿಗುವ ಮನೆಗೆ ಮಾತ್ರ ಇದು ಪುಕ್ಕಟೆ. ಪುಕ್ಕಟೆ ಅಂದರೂ ಒಲೆ ಮುಂದೆ ಕೂತು ಕಣ್ಣೊರೆಸಿಕೊಳ್ಳುವವರು ಯಾರು? ಆ ಹೊಗೆ ಹೋಗುವುದು ಯಾರ ಎದೆಗೆ? ನಗರದಲ್ಲಿ ಒತ್ತೊತ್ತಾಗಿ ಕಟ್ಟಿದ ಮನೆಗಳ ನಡುವೆ ಅಕ್ಕಪಕ್ಕದವರಿಗೂ ಅದೇ ಹೊಗೆ. ಆ ಬೆಲೆಯನ್ನೂ ಲೆಕ್ಕದಲ್ಲಿ ಬರೆದುಕೊಳ್ಳಿ.

ಸೋಲಾರ್: ಬಿಸಿಲಿಗೆ ಬಿಲ್ ಇಲ್ಲ, ಖರ್ಚೆಲ್ಲ ಮೊದಲೇ. ಅದನ್ನು ಬೇರೆಯಾಗಿ ನೋಡೋಣ.

ಇಷ್ಟು ನೋಡಿದರೆ ಗ್ಯಾಸ್ ಗೀಸರ್ ಗೆದ್ದಿತು, ಕರೆಂಟ್ ಗೀಸರ್ ಸೋತಿತು ಅನ್ನಿಸುತ್ತದೆ. 2023ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಸಿಲಿಂಡರ್ 1,105 ರೂಪಾಯಿ ಮುಟ್ಟಿದ್ದು ನಿಮಗೆ ನೆನಪಿರಬಹುದು. ಆ ದರದಲ್ಲೂ ಗ್ಯಾಸ್ ಗೀಸರಿನ ಖರ್ಚು ದಿನಕ್ಕೆ 14 ರೂಪಾಯಿ ಆಸುಪಾಸೇ. ಸಿಲಿಂಡರ್ 50 ರೂಪಾಯಿ ಏರಿದರೆ ನಾಲ್ಕು ಜನರ ಬಿಸಿನೀರಿಗೆ ತಿಂಗಳಿಗೆ ಸುಮಾರು 20 ರೂಪಾಯಿ ಹೆಚ್ಚಾಗುತ್ತದೆ, ಅಷ್ಟೇ. ನಿಮ್ಮ ಕೈಯಲ್ಲಿರುವ ಹೊಸ ರಸೀದಿ ನೋಡಿ ಈ ಲೆಕ್ಕವನ್ನು ನೀವೇ ತಿದ್ದಿಕೊಳ್ಳಿ. ಅಂದಹಾಗೆ, 45 ದಿನ ಬರುತ್ತಿದ್ದ ಸಿಲಿಂಡರ್ ಗೀಸರಿಗೂ ಹಂಚಿದರೆ 28 ದಿನಕ್ಕೆ ಖಾಲಿ! ಬುಕ್ ಮಾಡುವುದು ಮರೆತರೆ ಸ್ನಾನವೂ ಇಲ್ಲ, ಅಡುಗೆಯೂ ಇಲ್ಲ.

ಆದರೆ ನಿಜವಾದ ಲೆಕ್ಕ ಇನ್ನೂ ಮುಗಿದಿಲ್ಲ.

200 ಯೂನಿಟ್ ಎಂಬ ಗೆರೆ

2023ರ ಜುಲೈ ತಿಂಗಳ ಬಳಕೆಯಿಂದ ನಮ್ಮ ರಾಜ್ಯದಲ್ಲಿ ಗೃಹಜ್ಯೋತಿ ಜಾರಿಗೆ ಬಂತು. ‘200 ಯೂನಿಟ್ ಫ್ರೀ’ ಎಂದು ಎಲ್ಲರ ಬಾಯಲ್ಲೂ ಇದೆ. ನಿಯಮ ಹಾಗಿಲ್ಲ. 2022-23ರಲ್ಲಿ ನಿಮ್ಮ ಮನೆಯ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ನೂರಕ್ಕೆ 10 ಸೇರಿಸಿ ಬರುವಷ್ಟು ಯೂನಿಟ್ ಉಚಿತ. ಕಡಿಮೆ ಬಳಸುವ ಮನೆಗಳಿಗೆ ಶೇಕಡಾ ಲೆಕ್ಕದ ಬದಲು 10 ಯೂನಿಟ್ ಸೇರಿಸುವುದೆಂದು 2024ರಲ್ಲಿ ಬದಲಾಯಿತು. ಆ ಮಿತಿ ದಾಟಿ 200ರ ಒಳಗಿದ್ದರೆ ಹೆಚ್ಚಾದ ಯೂನಿಟ್‌ಗಳಿಗಷ್ಟೇ ದುಡ್ಡು. 200 ದಾಟಿತೋ, ಮೊದಲ ಯೂನಿಟ್‌ನಿಂದ ಹಿಡಿದು ಪೂರ್ತಿ ಬಿಲ್ ಕಟ್ಟಬೇಕು.

ಇದನ್ನು ಬಿಸಿನೀರಿಗೆ ಹೊಂದಿಸಿ ನೋಡಿ. ಕರೆಂಟ್ ಗೀಸರ್ ತಿಂಗಳಿಗೆ ಸುಮಾರು 70 ಯೂನಿಟ್ ತಿನ್ನುತ್ತದೆ. ಗೀಸರ್ ಇಲ್ಲದೆ 150 ಯೂನಿಟ್ ಆಗುವ ಒಂದು ಮನೆ, ಅವರ ಉಚಿತ ಮಿತಿ 160 ಎಂದಿಟ್ಟುಕೊಳ್ಳಿ. ಗೀಸರ್ ಹಾಕದಿದ್ದರೆ ಬಿಲ್ ಸೊನ್ನೆ. ಹಾಕಿದರೆ 220. ಆಗ ಅವರು ಕಟ್ಟುವುದು ಗೀಸರಿನ 480 ರೂಪಾಯಿ ಅಲ್ಲ. ಯೂನಿಟ್‌ಗಳದ್ದೇ ಒಂದೂವರೆ ಸಾವಿರ, ನಿಗದಿತ ಶುಲ್ಕ ಬೇರೆ! ಆ ಮನೆಗೆ ಗ್ಯಾಸ್ ಗೀಸರಿನ 330 ರೂಪಾಯಿ ಮಾತ್ರವಲ್ಲ, ಸ್ಟೌ ಮೇಲೆ ಕಾಯಿಸುವ 435 ಕೂಡ ಎಷ್ಟೋ ಅಗ್ಗ.

ಇನ್ನೊಂದು ಮನೆ ನೋಡಿ. ಗಂಡ ಹೆಂಡತಿ ಇಬ್ಬರೇ, ಗೀಸರ್ ಮೊದಲಿಂದಲೂ ಇದೆ, ತಿಂಗಳಿಗೆ 100 ಯೂನಿಟ್, ಉಚಿತ ಮಿತಿ 110. ಅವರ ಸರಾಸರಿಯಲ್ಲಿ ಗೀಸರಿನ ಯೂನಿಟ್ ಸೇರಿಹೋಗಿದೆ. ಅವರಿಗೆ ಬಿಸಿನೀರು ಪುಕ್ಕಟೆ. ಅವರು ಇಪ್ಪತ್ತೈದು ಸಾವಿರ ಕೊಟ್ಟು ಸೋಲಾರ್ ಹಾಕಿಸಿದರೆ ಈ ಸೌಲಭ್ಯ ಇರುವವರೆಗೆ ಉಳಿಯುವುದು ಏನೂ ಇಲ್ಲ. ಗ್ಯಾಸ್ ಗೀಸರ್ ಹಾಕಿಸಿದರಂತೂ ಇಲ್ಲದ ಖರ್ಚನ್ನು ಮೈಮೇಲೆ ಹಾಕಿಕೊಂಡ ಹಾಗೆ.

ಮೂರನೆಯದು ಹೇಗೂ 200 ದಾಟುವ ದೊಡ್ಡ ಸಂಸಾರ. ಫ್ರಿಜ್, ವಾಷಿಂಗ್ ಮಷೀನ್, ಎರಡು ಟಿವಿ ಎಲ್ಲ ಇದೆ. ಗೀಸರ್ ಬಿಟ್ಟರೆ 200ರ ಕೆಳಗೆ ಬರುವ ಹಾಗಿದ್ದರೆ ಬಿಡುವುದೇ ಲಾಭ. ಬಿಟ್ಟರೂ 250 ಆಗುವುದಾದರೆ ಮೊದಲು ಹೇಳಿದ ದಿನದ ಲೆಕ್ಕವೇ ಅನ್ವಯ.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಮಾಡಬೇಕಾದ ಕೆಲಸ ಒಂದೇ. ಕಳೆದ ಮೂರು ನಾಲ್ಕು ತಿಂಗಳ ಕರೆಂಟ್ ಬಿಲ್ ತೆಗೆದು ಮುಂದಿಟ್ಟುಕೊಳ್ಳಿ. ಎಷ್ಟು ಯೂನಿಟ್ ಆಗಿದೆ, ನಿಮಗೆ ಉಚಿತ ಎಷ್ಟು, 200ಕ್ಕೆ ಎಷ್ಟು ದೂರದಲ್ಲಿದ್ದೀರಿ ನೋಡಿ. ಚಳಿಗಾಲದ ಬಿಲ್ ಬೇರೆ, ಬೇಸಿಗೆಯ ಬಿಲ್ ಬೇರೆ. ಎರಡನ್ನೂ ನೋಡಿ.

ಸೋಲಾರ್ ಯಾರಿಗೆ?

ನಾಲ್ಕು ಜನಕ್ಕೆ 100 ಲೀಟರಿನ ಟ್ಯಾಂಕ್ ಸಾಕು. ಅದರ ನೀರು 60 ಡಿಗ್ರಿ ಕಾದರೆ ತಣ್ಣೀರು ಬೆರೆಸಿ 190 ಲೀಟರ್ ಸ್ನಾನದ ನೀರಾಗುತ್ತದೆ. ಮಾರುವವರು ‘200 ಲೀಟರ್ ಹಾಕಿಸಿಕೊಳ್ಳಿ’ ಎಂದು ಒತ್ತಾಯ ಮಾಡುತ್ತಾರೆ, ಮನೆಗೆ ಜನ ಹೆಚ್ಚಿದ್ದರೆ ಮಾತ್ರ ಕೇಳಿ.

ಹಾಕಿಸಲು 25,000 ರೂಪಾಯಿ ಆಯಿತು ಎಂದುಕೊಳ್ಳೋಣ. ತಿಂಗಳಿಗೆ 480ರಂತೆ ಬಿಸಿಲಿರುವ ಹತ್ತು ತಿಂಗಳಿಗೆ ವರ್ಷಕ್ಕೆ 4,800 ಉಳಿತಾಯ. ಐದು ವರ್ಷದ ಸುಮಾರಿಗೆ ಹಾಕಿದ ದುಡ್ಡು ವಾಪಸ್. ಆಮೇಲೆ ಬರುವ ವರ್ಷಗಳೆಲ್ಲ ಲಾಭವೇ. 200ರ ಗೆರೆಯ ಹತ್ತಿರ ಇರುವ ಸ್ವಂತ ಮನೆಯವರಿಗಂತೂ ಇನ್ನೂ ಬೇಗ. ಟೆರೇಸ್ ನಮ್ಮದಲ್ಲದ ಬಾಡಿಗೆ ಮನೆಯವರಿಗೆ ಈ ಮಾತೇ ಇಲ್ಲ. ಆದರೆ ಮನೆ ಹುಡುಕುವಾಗ ಓನರ್ ಹತ್ತಿರ ‘ಸೋಲಾರ್ ಲೈನ್ ನಮ್ಮ ಮನೆಗೂ ಕೊಟ್ಟಿದ್ದೀರಾ?’ ಎಂದು ಕೇಳಲು ಮರೆಯಬೇಡಿ. ಬಾಡಿಗೆ ಇನ್ನೂರು ಮುನ್ನೂರು ಹೆಚ್ಚಾದರೂ ಕೆಲವೊಮ್ಮೆ ನಷ್ಟವಿಲ್ಲ.

ಸೋಲಾರ್‌ನಲ್ಲಿ ಗಮನಿಸಬೇಕಾದದ್ದು ಮೂರು. ಒಂದು, ಬೋರ್‌ವೆಲ್ ನೀರಿನ ಗಡಸುತನ. ಬಿಳಿ ಪದರ ಕಟ್ಟಿ ಕೊಳವೆ ಹಾಳಾಗುತ್ತದೆ, ಆಗಾಗ ಶುಚಿ ಮಾಡಿಸಬೇಕು. ಎರಡು, ಟೆರೇಸಿನಿಂದ ಬಚ್ಚಲಿಗೆ ಬರುವ ಪೈಪಿನಲ್ಲಿ ನಿಂತ ತಣ್ಣೀರು. ಬೆಳಗ್ಗೆ ಮೊದಲ ಅರ್ಧ ಬಕೆಟ್ ತಣ್ಣಗೇ ಬರುತ್ತದೆ. ಅದನ್ನು ಮೋರಿಗೆ ಬಿಡದೆ ಬಟ್ಟೆಗೋ ನೆಲ ಒರೆಸಲಿಕ್ಕೋ ಹಿಡಿದಿಡಿ. ಮೂರು, ಟ್ಯಾಂಕಿನೊಳಗಿನ ಕರೆಂಟ್ ಕಾಯಿಲ್. ಮೋಡ ಕವಿದ ದಿನಕ್ಕೆಂದು ಕೊಟ್ಟಿರುವ ಅದನ್ನು ಆನ್ ಮಾಡಿ ಮರೆತರೆ ನೂರು ಲೀಟರನ್ನೂ ಕಾಯಿಸಿ ಕೂರುತ್ತದೆ. ಸೋಲಾರ್ ಇದ್ದೂ ಬಿಲ್ ಏರಿತು ಎನ್ನುವ ಮನೆಗಳಲ್ಲಿ ಮೊದಲು ನೋಡಬೇಕಾದ್ದು ಆ ಸ್ವಿಚ್ಚನ್ನು.

ದುಡ್ಡಿಗಿಂತ ಜೀವ ದೊಡ್ಡದು

ಲೆಕ್ಕದಲ್ಲಿ ಗೆದ್ದ ಗ್ಯಾಸ್ ಗೀಸರಿಗೆ ಒಂದು ದೊಡ್ಡ ಷರತ್ತಿದೆ. ಗಾಳಿ ಆಡದ ಬಚ್ಚಲುಮನೆಯೊಳಗೆ ಅದು ಉರಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ತಲೆ ಸುತ್ತಿತು ಅನ್ನುವಷ್ಟರಲ್ಲಿ ಬಾಗಿಲ ಚಿಲಕ ತೆಗೆಯುವ ಶಕ್ತಿಯೂ ಉಳಿದಿರುವುದಿಲ್ಲ. ಸ್ನಾನಕ್ಕೆ ಹೋದವರು ಹೊರಬರಲಿಲ್ಲ ಎಂಬ ಸುದ್ದಿಯನ್ನು ಚಳಿಗಾಲದಲ್ಲಿ ಪತ್ರಿಕೆಗಳಲ್ಲಿ ನಾವೆಲ್ಲ ಓದುತ್ತಲೇ ಇದ್ದೇವೆ. ತಿಂಗಳಿಗೆ ಉಳಿಯುವ ನೂರೈವತ್ತು ರೂಪಾಯಿಗಾಗಿ ಮಗಳ ಜೀವ ಒತ್ತೆ ಇಡುವವರು ಯಾರಿದ್ದಾರೆ?

ಹಾಗಾಗಿ ಗ್ಯಾಸ್ ಗೀಸರ್ ಬಚ್ಚಲ ಒಳಗೆ ಬೇಡ. ಗಾಳಿಯಾಡುವ ಯುಟಿಲಿಟಿಯಲ್ಲೋ ಹೊರಗೋಡೆಯ ಮೇಲೋ ಇರಲಿ, ಒಳಗೆ ಬಿಸಿನೀರಿನ ಪೈಪ್ ಮಾತ್ರ ಬರಲಿ. ಹಾಗೆ ಹಾಕಿಸಲು ಜಾಗವೇ ಇಲ್ಲ ಎಂದಾದರೆ ಆ ಮನೆಗೆ ಗ್ಯಾಸ್ ಗೀಸರ್ ಅಗ್ಗವಲ್ಲ, ಅಷ್ಟೇ. ಈಗಾಗಲೇ ಒಳಗೆ ಹಾಕಿಸಿದ್ದರೆ ಹೊರಗೆ ಬದಲಾಯಿಸಿ. ಅಲ್ಲಿಯವರೆಗೆ ಬಕೆಟ್ ತುಂಬಿಸಿ, ಗೀಸರ್ ಆಫ್ ಮಾಡಿ, ಬಾಗಿಲು ತೆರೆದಿಟ್ಟು ಗಾಳಿಯಾಡಿದ ಮೇಲೆ ಸ್ನಾನಕ್ಕೆ ಹೋಗಿ. ಚಳಿ ಎಂದು ವೆಂಟಿಲೇಟರಿಗೆ ಪೇಪರ್ ತುರುಕಬೇಡಿ. ಯಾರಿಗಾದರೂ ತಲೆನೋವು, ವಾಕರಿಕೆ, ತಲೆಸುತ್ತು ಬಂದರೆ ತಕ್ಷಣ ಹೊರಗಿನ ಗಾಳಿಗೆ ಕರೆತಂದು ಆಸ್ಪತ್ರೆಗೆ ಹೋಗಿ.

ಕಾಯಿಲ್ ಕೂಡ ಅಗ್ಗದ ಅಪಾಯವೇ. ಸ್ಟೀಲ್ ಅಥವಾ ಕಬ್ಬಿಣದ ಬಕೆಟ್ಟಿನಲ್ಲಿ ಹಾಕಬೇಡಿ. ನೀರು ಕಾದಿದೆಯೇ ಎಂದು ಬೆರಳು ಅದ್ದಿ ನೋಡುವ ಅಭ್ಯಾಸ ನಮ್ಮಲ್ಲಿ ಬಹಳ. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತ ಮೇಲೆಯೇ ಕೈ ಹಾಕಿ. ಐಎಸ್‌ಐ ಗುರುತಿಲ್ಲದ ಫುಟ್‌ಪಾತ್ ಕಾಯಿಲ್ ತರಬೇಡಿ. ಕರೆಂಟ್ ಗೀಸರಿಗೆ ಅರ್ತಿಂಗ್ ಸರಿ ಇದೆಯೇ ಎಂದು ವರ್ಷಕ್ಕೊಮ್ಮೆಯಾದರೂ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಸ್ನಾನಕ್ಕೆ ಇಳಿಯುವ ಮೊದಲು ಆಫ್ ಮಾಡುವುದು ಮನೆ ಮಂದಿಗೆಲ್ಲ ಅಭ್ಯಾಸವಾಗಲಿ.

ದುಡ್ಡಿಲ್ಲದೆ ಆಗುವ ಉಳಿತಾಯ

* ಶವರ್ ಬಿಟ್ಟು ಬಕೆಟ್, ತಂಬಿಗೆ ಹಿಡಿಯಿರಿ. ಐದು ನಿಮಿಷದ ಶವರ್‌ಗೆ ನಲವತ್ತು ಲೀಟರ್ ನೀರು ಹೋದರೂ ಆಶ್ಚರ್ಯವಿಲ್ಲ. ಅಂದರೆ ಎರಡು ಬಕೆಟ್. ಯಾವ ಇಂಧನವಾದರೂ ಖರ್ಚು ಇಮ್ಮಡಿ.
* ಗೀಸರಿನ ಉಷ್ಣತೆಯನ್ನು 50ರಿಂದ 55 ಡಿಗ್ರಿಗೆ ಇಳಿಸಿಡಿ. ಕುದಿಯುವಷ್ಟು ಕಾಯಿಸಿ ಆಮೇಲೆ ತಣ್ಣೀರು ಸುರಿಯುವುದರಲ್ಲಿ ಲಾಭವಿಲ್ಲ.
* ಎಲ್ಲರ ಸ್ನಾನ ಒಂದರ ಹಿಂದೆ ಒಂದು ಆಗಲಿ. ಏಳಕ್ಕೆ ಒಬ್ಬರು, ಒಂಬತ್ತಕ್ಕೆ ಒಬ್ಬರು ಎಂದರೆ ಗೀಸರ್ ಎರಡು ಸಲ ಕಾಯಬೇಕು.
* ತಲೆಸ್ನಾನ, ಎಣ್ಣೆಸ್ನಾನದ ದಿನ ಎರಡು ಬಕೆಟ್ ಬೇಕೇ ಬೇಕು. ಸೋಲಾರ್ ಇದ್ದವರು ಅದನ್ನು ಬಿಸಿಲಿನ ದಿನ, ಮಧ್ಯಾಹ್ನದ ಮೇಲೆ ಇಟ್ಟುಕೊಂಡರೆ ಬೆಳಗಿನ ನೀರಿಗೆ ತೊಂದರೆ ಇಲ್ಲ.
* ಬೋರ್‌ವೆಲ್ ನೀರಿನವರು ಗೀಸರಿನ ಕಾಯಿಲ್ ಮೇಲಿನ ಬಿಳಿ ಪದರ ತೆಗೆಸಿ. ನೀರು ಕಾಯಲು ಹೆಚ್ಚು ಹೊತ್ತು ಹಿಡಿಯುವುದು, ಕಾಯಿಲ್ ಸುಟ್ಟುಹೋಗುವುದು ಎರಡೂ ತಪ್ಪುತ್ತದೆ.

ಕೊನೆಯ ಬಕೆಟ್ ಯಾರಿಗೆ?

ಒಟ್ಟಿನಲ್ಲಿ ಹೇಳುವುದಾದರೆ, ಉಚಿತ ಮಿತಿಯೊಳಗೇ ಇರುವ ಚಿಕ್ಕ ಸಂಸಾರಕ್ಕೆ ಇರುವ ಕರೆಂಟ್ ಗೀಸರೇ ಸಾಕು. 200ರ ಅಂಚಿನಲ್ಲಿರುವ ಬಾಡಿಗೆ ಮನೆಯವರಿಗೆ, ಹೊರಗೆ ಜಾಗ ಇದ್ದರೆ, ಗ್ಯಾಸ್ ಗೀಸರ್. ಟೆರೇಸ್ ಇರುವ ಸ್ವಂತ ಮನೆಗೆ, ಬಿಲ್ ಕಟ್ಟುವವರಾದರೆ, ಸೋಲಾರ್. ಹಿತ್ತಲಿದ್ದು ತೆಂಗಿನ ಗರಿ ಸಿಗುವವರು ಹಂಡೆ ಇಟ್ಟುಕೊಳ್ಳಲಿ, ಆದರೆ ಹೊಗೆ ಹೋಗಲು ಒಳ್ಳೆಯ ಚಿಮಣಿ ಇರಲಿ.

ಇನ್ನೊಂದು ಮಾತು. ಬಹಳಷ್ಟು ಮನೆಗಳಲ್ಲಿ ಗೀಸರ್ ಕೊಳ್ಳುವ ತೀರ್ಮಾನ ಗಂಡಸರದ್ದು, ‘ಕರೆಂಟ್ ಬಿಲ್ ಯಾಕೆ ಇಷ್ಟು ಬಂತು?’ ಎಂಬ ಪ್ರಶ್ನೆ ಮಾತ್ರ ನಮ್ಮ ಕಡೆಗೆ. ಆ ಪ್ರಶ್ನೆಗೆ ಹೆದರಿ ಎಲ್ಲರಿಗೂ ಬಿಸಿನೀರು ಕೊಟ್ಟು ತಾವು ಉಗುರುಬೆಚ್ಚಗಿನ ನೀರು ಸುರಿದುಕೊಂಡು ಬರುವ ಹೆಂಗಸರು ಎಷ್ಟು ಜನ! ಸೊಂಟನೋವು, ಕೀಲುನೋವು ಇದ್ದವರೂ ಹಾಗೇ ಮಾಡುತ್ತಾರೆ. ಒಂದು ಬಕೆಟ್ ಬಿಸಿನೀರಿಗೆ ಆಗುವುದು ಮೂರು ನಾಲ್ಕು ರೂಪಾಯಿ. ಒಂದು ಅರ್ಧ ಕಾಫಿಯ ಬೆಲೆಯೂ ಅಲ್ಲ. ಉಳಿಸಬೇಕಾದದ್ದು ಆನ್ ಆಗಿಯೇ ಉಳಿದ ಸ್ವಿಚ್ಚಿನಲ್ಲಿ, ಹತ್ತು ನಿಮಿಷದ ಶವರಿನಲ್ಲಿ, ಲೆಕ್ಕ ಹಾಕದೆ ಕೊಂಡ ಯಂತ್ರದಲ್ಲಿ. ಮನೆಯೊಡತಿಯ ಬಕೆಟ್ಟಿನಲ್ಲಿ ಅಲ್ಲ.

ಈ ಭಾನುವಾರ ಬಿಲ್ಲುಗಳನ್ನೂ ಗ್ಯಾಸ್ ರಸೀದಿಯನ್ನೂ ಮುಂದಿಟ್ಟುಕೊಂಡು ಮನೆಯವರನ್ನೆಲ್ಲ ಕೂರಿಸಿ. ಮಕ್ಕಳ ಕೈಲಿ ಕ್ಯಾಲ್ಕುಲೇಟರ್ ಕೊಡಿ. ಅರ್ಧ ಗಂಟೆಯಲ್ಲಿ ನಿಮ್ಮ ಮನೆಯ ಉತ್ತರ ನಿಮಗೇ ಸಿಗುತ್ತದೆ.